ಫೈಲ್ ಮುಚ್ಚಿದ ಮೇಲೂ ಅನ್‌ಡೂ ಉಳಿಯುತ್ತದೆಯೇ?

ಕಂಪ್ಯೂಟರ್ ಪ್ರಶ್ನೋತ್ತರ

ಮಳೆಗಾಲ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಕರೆಂಟ್ ಹೋಯಿತು, ಬರೆದದ್ದು ಹೋಯಿತು, ಅಳಿಸಿದ್ದು ವಾಪಸ್ ಬರುತ್ತದಾ ಎಂದು ಕೇಳುವವರೇ ಜಾಸ್ತಿ. ಅದರಲ್ಲೂ ವಿಮ್ ಎಂಬ ಟೆಕ್ಸ್ಟ್ ಎಡಿಟರ್ ಬಳಸುವವರಿಂದ ಒಂದೇ ಬಗೆಯ ಪ್ರಶ್ನೆಗಳು ಬಂದಿವೆ. ಅವನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಕೀಲಿಮಣೆಗೆ ಬದಲಿಸಿ, ಎಲ್ಲವನ್ನೂ ಸಣ್ಣಕ್ಷರದಲ್ಲಿ ಹೊಡೆಯಿರಿ. ‘ಅನ್‌ಡೂಫೈಲ್’ ಎಂದು ಸೇರಿಸಿ ಬರೆದಿದ್ದರೆ ಅಲ್ಲಿಯೂ ಸೇರಿಸಿಯೇ ಬರೆಯಬೇಕು, ನಡುವೆ ಜಾಗ ಬಿಡಬಾರದು.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ನಾಪೋಕ್ಲು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ದಿನದ ಮಳೆ, ಆಳು ಲೆಕ್ಕ, ಯಾವ ಬ್ಲಾಕಿನಲ್ಲಿ ಏನು ಕೆಲಸ ಆಯಿತು ಎಂಬುದನ್ನೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೇನೆ. ಎಂಜಿನಿಯರಿಂಗ್ ಓದುವ ಅಣ್ಣನ ಮಗ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ವಿಮ್ ಕಲಿಸಿಕೊಟ್ಟಿದ್ದ. ಮೊನ್ನೆ ಫೈಲು ತುಂಬ ಉದ್ದವಾಯಿತೆಂದು ಹೋದ ವರ್ಷದ ಹೂ ಮಳೆಯ ಸಾಲುಗಳನ್ನು ಅಳಿಸಿ ಸೇವ್ ಮಾಡಿದೆ. ಸಂಜೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿಹೋಯಿತು. ಮಾರನೇ ದಿನ ಮಾಲೀಕರು ಹೋದ ವರ್ಷದ ಹೂ ಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಇತ್ತು ಎಂದು ಕೇಳಿದರು. ಫೈಲ್ ತೆರೆದು ಅನ್‌ಡೂ ಮಾಡಲು (ಮಾಡಿದ ಬದಲಾವಣೆ ಹಿಂದಕ್ಕೆ ತೆಗೆಯಲು) ಯು ಒತ್ತಿದರೆ ‘ಆಲ್ರೆಡಿ ಅಟ್ ಓಲ್ಡೆಸ್ಟ್ ಚೇಂಜ್’ ಎಂದು ಬರುತ್ತದೆ. ಆ ಸಾಲುಗಳು ಸಿಗುತ್ತವೆಯೇ? ಇನ್ನು ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಿದ್ದು ಕಾಫಿ ಹೂ ಅರಳಿಸುವ ಆ ಮಳೆಯ ಲೆಕ್ಕ ತೋಟದವರಿಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ಹೂ ಮಳೆ ಎಷ್ಟು ಬಿತ್ತು, ಆಮೇಲೆ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದನ್ನು ನೋಡಿಯೇ ರೋಬಸ್ಟಾ ಕಾಫಿ ಫಸಲಿನ ಅಂದಾಜು ಹಾಕುವುದು.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಅನ್‌ಡೂ ಮೂಲಕ ಆ ಸಾಲುಗಳು ಇನ್ನು ಸಿಗುವುದಿಲ್ಲ. ನೀವು ಮಾಡಿದ ಬದಲಾವಣೆಗಳ ಪಟ್ಟಿಯನ್ನು ವಿಮ್ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎಡಿಟರ್ ಮುಚ್ಚಿದರೂ ಕರೆಂಟ್ ಹೋದರೂ ಆ ಪಟ್ಟಿ ಅಲ್ಲಿಗೆ ಮುಗಿಯಿತು. ಸ್ವಾಪ್ ಫೈಲ್ ಅಂತ ಒಂದಿದೆಯಲ್ಲ, ಅದರಲ್ಲಿ ಇರಬಹುದಲ್ವಾ ಎಂದು ನಿಮ್ಮ ಅಣ್ಣನ ಮಗ ಕೇಳಬಹುದು. ಅದು ಇರುವುದು ಸೇವ್ ಆಗದೆ ಉಳಿದ ಬರಹವನ್ನು ಕಾಪಾಡಲಿಕ್ಕೆ. ನೀವು 200 ಅಕ್ಷರ ಹೊಡೆದಾಗಲೊಮ್ಮೆ, ಇಲ್ಲವೇ 4 ಸೆಕೆಂಡ್ ಕೈ ನಿಲ್ಲಿಸಿದಾಗ ವಿಮ್ ಅದನ್ನು ಡಿಸ್ಕಿಗೆ ಬರೆಯುತ್ತದೆ. ನೀವು ಅಳಿಸಿ ಸೇವ್ ಮಾಡಿಬಿಟ್ಟಿದ್ದೀರಿ, ಹಾಗಾಗಿ ಅದನ್ನು ನಂಬಿ ಕೂರಬೇಡಿ. ಅದೇ ಫೋಲ್ಡರಿನಲ್ಲಿ ಫೈಲಿನ ಹೆಸರಿನ ಕೊನೆಗೆ ~ ಚಿಹ್ನೆ ಇರುವ ಇನ್ನೊಂದು ಫೈಲ್ ಇದೆಯೇ ಎಂದು ಮಾತ್ರ ನೋಡಿ. ಬ್ಯಾಕಪ್ ಆಯ್ಕೆ ಹಾಕಿದ್ದರೆ ಹಿಂದಿನ ಪ್ರತಿ ಅದರಲ್ಲಿರುತ್ತದೆ. ಅದೂ ಇಲ್ಲದಿದ್ದರೆ ಮಳೆ ಪುಸ್ತಕವೇ ಗತಿ. ತೋಟದಲ್ಲಿ ಕಾಗದದ ಮಳೆ ಪುಸ್ತಕ ಇನ್ನೂ ಇಟ್ಟಿದ್ದರೆ ಅದರಿಂದ ನೋಡಿ ಮತ್ತೆ ಟೈಪ್ ಮಾಡಿ. ಪಕ್ಕದ ತೋಟದಲ್ಲಿ ಕೇಳಿದರೆ ಅಂದಾಜು ಸಿಗಬಹುದು, ಆದರೆ ನಮ್ಮ ಕಡೆ ಒಂದು ಗುಡ್ಡದ ಆಚೆಗೂ ಈಚೆಗೂ ಮಳೆ ಬೇರೆ. ನಿಮ್ಮ ಲೆಕ್ಕಕ್ಕೆ ಅದು ಬದಲಿ ಆಗುವುದಿಲ್ಲ.

ಇನ್ನು ಮುಂದಿನ ಮಾತು. ಅನ್‌ಡೂ ಪಟ್ಟಿಯನ್ನು ಮೆಮೊರಿಯಲ್ಲಿ ಮಾತ್ರವಲ್ಲದೆ ಡಿಸ್ಕಿನಲ್ಲೂ ಬರೆದಿಡುವ ಸೌಲಭ್ಯ ವಿಮ್‌ನಲ್ಲಿದೆ. 2010ರ ಆಗಸ್ಟಿನಲ್ಲಿ ಬಂದ 7.3ನೇ ಆವೃತ್ತಿಯಿಂದ ಇದೆ. ಆದರೆ ತಾನಾಗಿ ಶುರುವಾಗುವುದಿಲ್ಲ, ನಾವೇ ಹೇಳಬೇಕು. ಇಷ್ಟು ಒಳ್ಳೆಯ ಸೌಲಭ್ಯ ಇದ್ದೂ ಅದರ ಸುದ್ದಿಯೇ ಗೊತ್ತಿಲ್ಲದೆ ವರ್ಷಗಟ್ಟಲೆ ವಿಮ್ ಬಳಸುವವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ತೋಟದ ಲೆಕ್ಕ ಬರೆಯುತ್ತಿದ್ದರು. ಅಂಕಿ ತಪ್ಪಾದರೆ ರಬ್ಬರಿನಿಂದ ಉಜ್ಜುತ್ತಿರಲಿಲ್ಲ. ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿ ಅಂಕಿ ಬರೆಯುತ್ತಿದ್ದರು. ಗೆರೆಯ ಅಡಿಯಲ್ಲಿ ಹಳೇ ಅಂಕಿ ಓದಲು ಬರುತ್ತಿತ್ತು. ಡಿಸ್ಕಿನಲ್ಲಿ ಉಳಿಯುವ ಅನ್‌ಡೂ ಮಾಡುವ ಕೆಲಸವೂ ಅದೇ.

ಮಾಡುವುದು ಹೀಗೆ. ಮೊದಲು ಆ ಪಟ್ಟಿಗಳನ್ನು ಇಡಲು ಒಂದು ಫೋಲ್ಡರ್ ಮಾಡಿ. ನಿಮ್ಮ ಹೋಮ್ ಫೋಲ್ಡರಿನೊಳಗೆ ಚುಕ್ಕೆಯಿಂದ ಶುರುವಾಗುವ ‘.ವಿಮ್’ ಎಂಬ ಫೋಲ್ಡರ್, ಅದರೊಳಗೆ ‘ಅನ್‌ಡೂ’ ಎಂಬ ಇನ್ನೊಂದು. ಇದನ್ನು ನೀವೇ ಮಾಡಬೇಕು, ವಿಮ್ ಮಾಡಿಕೊಡುವುದಿಲ್ಲ. ಫೋಲ್ಡರ್ ಇಲ್ಲದಿದ್ದರೆ ಪಟ್ಟಿ ಬರೆಯಲು ಅದಕ್ಕೆ ಜಾಗವೇ ಇರುವುದಿಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡು ತಿಂಗಳಾದ ಮೇಲೆ ಯು ಒತ್ತಿದಾಗ ಏನೂ ಸಿಗುವುದಿಲ್ಲ. ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಆಮೇಲೆ ಹೋಮ್ ಫೋಲ್ಡರಿನಲ್ಲಿರುವ ‘.ವಿಮ್‌ಆರ್‌ಸಿ’ ಎಂಬ ಫೈಲ್ ತೆರೆದು ಈ ಎರಡು ಸಾಲು ಸೇರಿಸಿ:

ಸೆಟ್ ಅನ್‌ಡೂಫೈಲ್
ಸೆಟ್ ಅನ್‌ಡೂಡಿರ್=~/.ವಿಮ್/ಅನ್‌ಡೂ

ಎರಡನೆಯ ಸಾಲು ಬಿಟ್ಟರೂ ಕೆಲಸ ನಡೆಯುತ್ತದೆ. ಆಗ ಪ್ರತಿ ಫೈಲಿನ ಪಕ್ಕದಲ್ಲೇ ಚುಕ್ಕೆಯಿಂದ ಶುರುವಾಗುವ ಒಂದು ಮರೆಯಾದ ಫೈಲ್ ಬಂದು ಕೂರುತ್ತದೆ. ಪೆನ್‌ಡ್ರೈವಿಗೆ ಫೋಲ್ಡರ್ ಕಾಪಿ ಮಾಡಿದಾಗ ಅದೂ ಜೊತೆಗೆ ಹೋಗುತ್ತದೆ. ನನಗೆ ಇದು ಇಷ್ಟವಿಲ್ಲ. ಎಲ್ಲವೂ ಒಂದೇ ಜಾಗದಲ್ಲಿದ್ದರೆ ಕಾಯುವುದೂ ಸುಲಭ, ಗುಡಿಸುವುದೂ ಸುಲಭ. ಆ ಫೋಲ್ಡರಿನೊಳಗೆ ನೋಡಿದರೆ ಫೈಲಿನ ಪೂರ್ತಿ ವಿಳಾಸವೇ ಹೆಸರಾಗಿರುತ್ತದೆ, ಓರೆಗೆರೆಯ ಬದಲು ಶೇಕಡಾ ಚಿಹ್ನೆ ಇರುತ್ತದೆ. ‘%ಹೋಮ್%ತೋಟ%ಮಳೆ.ಟಿಎಕ್ಸ್‌ಟಿ’ ಎಂಬಂತೆ. ಇದರಿಂದ ಒಂದು ವಿಷಯ ತಿಳಿಯುತ್ತದೆ. ನೀವು ಮಳೆಯ ಫೈಲಿಗೆ ಬೇರೆ ಹೆಸರಿಟ್ಟರೆ, ಇಲ್ಲವೇ ಬೇರೆ ಫೋಲ್ಡರಿಗೆ ಹಾಕಿದರೆ ವಿಮ್‌ಗೆ ಹಳೇ ಪಟ್ಟಿ ಸಿಗುವುದಿಲ್ಲ. ಹೊಸ ವರ್ಷಕ್ಕೆಂದು ಹೆಸರು ಬದಲಿಸುವ ಅಭ್ಯಾಸ ಇದ್ದರೆ ಇದನ್ನು ನೆನಪಿಡಿ.

ಈಗ ಪರೀಕ್ಷೆ ಮಾಡಿ ನೋಡಿ. ಒಂದು ಫೈಲ್ ತೆರೆದು ‘ಮಾರ್ಚ್ 9, 1 ಇಂಚು 20 ಸೆಂಟ್’ ಎಂದು ಬರೆದು ಎಸ್ಕೇಪ್ ಒತ್ತಿ ಸೇವ್ ಮಾಡಿ. ಎರಡು ಸಲ ಡಿ ಒತ್ತಿ ಆ ಸಾಲು ಅಳಿಸಿ. ಮತ್ತೆ ಸೇವ್ ಮಾಡಿ, ವಿಮ್ ಮುಚ್ಚಿ, ಬೇಕಿದ್ದರೆ ಲ್ಯಾಪ್‌ಟಾಪನ್ನೇ ಆಫ್ ಮಾಡಿ. ಪುನಃ ತೆರೆದು ಯು ಒತ್ತಿ. ಸಾಲು ಬಂದು ನಿಲ್ಲುತ್ತದೆ. ಬರಲಿಲ್ಲ ಅಂದರೆ ಹೆಚ್ಚಾಗಿ ಫೋಲ್ಡರಿನ ಹೆಸರಿನಲ್ಲಿ ಒಂದಕ್ಷರ ತಪ್ಪಿರುತ್ತದೆ.

ಒಂದು ಎಚ್ಚರಿಕೆ. ಈ ಪಟ್ಟಿ ಡಿಸ್ಕಿಗೆ ಹೋಗುವುದು ನೀವು ಸೇವ್ ಮಾಡಿದಾಗ ಮಾತ್ರ. ಬೆಳಿಗ್ಗೆಯಿಂದ ಸೇವ್ ಮಾಡದೆ ಬರೆಯುತ್ತಿದ್ದು ನಡುವೆ ಕರೆಂಟ್ ಹೋದರೆ ಅಷ್ಟು ಹೊತ್ತಿನ ಅನ್‌ಡೂ ಉಳಿಯುವುದಿಲ್ಲ. ಬರಹವನ್ನು ಸ್ವಾಪ್ ಫೈಲಿನಿಂದ ತೆಗೆಯಬಹುದು, ಹೆಜ್ಜೆಗಳನ್ನಲ್ಲ. ಜೂನ್, ಜುಲೈನಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರು ನಮ್ಮದು. ಒಂದು ಸಾಲು ಬರೆದಿರಿ, ಎಸ್ಕೇಪ್ ಒತ್ತಿದಿರಿ, ಸೇವ್ ಮಾಡಿದಿರಿ. ಕೈಗೆ ಇದು ರೂಢಿಯಾಗಬೇಕು.

ಎಸ್ಕೇಪ್ ಒತ್ತಿ ಎಂದದ್ದಕ್ಕೂ ಕಾರಣವಿದೆ. ನೀವು ಇನ್‌ಸರ್ಟ್ ಮೋಡಿಗೆ (ಅಕ್ಷರ ಹೊಡೆಯುವ ಸ್ಥಿತಿಗೆ) ಹೋಗಿ ಹೊರಗೆ ಬರುವವರೆಗೆ ಹೊಡೆದದ್ದೆಲ್ಲ ವಿಮ್‌ಗೆ ಒಂದೇ ಬದಲಾವಣೆ. ಇಡೀ ದಿನದ ಆಳು ಲೆಕ್ಕವನ್ನು ಒಂದೇ ಉಸಿರಿನಲ್ಲಿ ಟೈಪ್ ಮಾಡಿದರೆ ಒಂದು ಸಲ ಯು ಒತ್ತಿದರೆ ಇಡೀ ದಿನ ಮಾಯ. ಸಾಲಿಗೊಮ್ಮೆ ಎಸ್ಕೇಪ್ ಒತ್ತಿದರೆ ಸಾಲಿಗೊಂದು ಹೆಜ್ಜೆ ಆಗುತ್ತದೆ. ಮೋಡ್ ಬಿಡದೆ ಹೆಜ್ಜೆ ಮುರಿಯಬೇಕೆಂದರೆ ಕಂಟ್ರೋಲ್ ಹಿಡಿದು ಜಿ ಒತ್ತಿ, ಕೈ ಬಿಟ್ಟು ಯು ಒತ್ತಿ.

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆಯವನು. ಅನ್‌ಡೂಫೈಲ್ ಹಾಕಿಕೊಂಡಿದ್ದೇನೆ. ಹೋದ ವಾರ ಅಳಿಸಿದ ಒಂದು ಪ್ಯಾರಾ ಈಗ ಬೇಕು. ಆದರೆ ಅಲ್ಲಿಯವರೆಗೆ ಯು ಒತ್ತುತ್ತ ಹೋದರೆ ಈ ವಾರ ಬರೆದದ್ದೆಲ್ಲ ಹೋಗುತ್ತದಲ್ಲ?

ಉತ್ತರ: ಹೋಗುವುದಿಲ್ಲ. ಹಿಂದಕ್ಕೆ ಹೋಗಿ, ಬೇಕಾದ್ದನ್ನು ಎತ್ತಿಕೊಂಡು, ಮುಂದಕ್ಕೆ ಬನ್ನಿ. ಈ ಇಡೀ ಏರ್ಪಾಡಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಒಂದೊಂದೇ ಯು ಒತ್ತಬೇಕಾಗಿಲ್ಲ. ವಿಮ್ ಪ್ರತಿ ಬದಲಾವಣೆಯ ಸಮಯವನ್ನೂ ಬರೆದಿಟ್ಟಿರುತ್ತದೆ. ‘:ಅರ್ಲಿಯರ್ 7ಡಿ’ ಎಂದರೆ 7 ದಿನದ ಹಿಂದೆ ಫೈಲ್ ಹೇಗಿತ್ತೋ ಹಾಗೆ ತೋರಿಸುತ್ತದೆ. ಡಿ ಬದಲು ಎಚ್ ಹಾಕಿದರೆ ಗಂಟೆ, ಎಂ ಹಾಕಿದರೆ ನಿಮಿಷ. ಎಫ್ ಹಾಕಿದರೆ ಸೇವ್ ಮಾಡಿದ ಲೆಕ್ಕ: ‘:ಅರ್ಲಿಯರ್ 3ಎಫ್’ ಎಂದರೆ ಮೂರು ಸೇವ್ ಹಿಂದಕ್ಕೆ. ಪ್ಯಾರಾ ಕಂಡ ಕೂಡಲೇ ವೈ ಕೀ ಬಳಸಿ ಕಾಪಿ ಮಾಡಿಕೊಳ್ಳಿ. ಕಾಪಿ ಮಾಡುವುದು ಬದಲಾವಣೆ ಅಲ್ಲ, ಪಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಬೇರೆ ಏನನ್ನೂ ಮುಟ್ಟಬೇಡಿ, ಸೇವ್ ಮಾಡಬೇಡಿ. ಆಮೇಲೆ ‘ಆಲ್ರೆಡಿ ಅಟ್ ನ್ಯೂಯೆಸ್ಟ್ ಚೇಂಜ್’ ಎಂದು ಬರುವವರೆಗೆ ಕಂಟ್ರೋಲ್ ಆರ್ ಒತ್ತಿ. ಈ ವಾರದ ಬರಹವೆಲ್ಲ ಇದ್ದ ಹಾಗೇ ಬಂದಿರುತ್ತದೆ. ಬೇಕಾದ ಜಾಗದಲ್ಲಿ ಪಿ ಒತ್ತಿ ಪ್ಯಾರಾ ಇಳಿಸಿ.

ಹಿಂದಕ್ಕೆ ಹೋದಾಗ ಕೈ ತಪ್ಪಿ ಒಂದಕ್ಷರ ಹೊಡೆದುಬಿಟ್ಟಿರಿ ಅನ್ನಿ. ಬೇರೆ ಹೆಚ್ಚಿನ ಎಡಿಟರುಗಳಲ್ಲಿ ಹಾಗಾದರೆ ಮುಂದಿನದ್ದೆಲ್ಲ ಅಳಿದುಹೋಗುತ್ತದೆ. ವಿಮ್‌ನಲ್ಲಿ ಹಾಗಿಲ್ಲ. 2006ರಲ್ಲಿ ಬಂದ 7.0 ಆವೃತ್ತಿಯಿಂದ ಅದು ಕವಲು ಒಡೆಯುತ್ತದೆ. ಹಳೆಯ ದಾರಿ ಒಂದು ಕವಲಾಗಿ ಉಳಿಯುತ್ತದೆ, ನಿಮ್ಮ ಹೊಸ ಅಕ್ಷರ ಇನ್ನೊಂದು ಕವಲಾಗುತ್ತದೆ. ಕಂಟ್ರೋಲ್ ಆರ್ ಆ ಹಳೇ ಕವಲಿಗೆ ಹೋಗುವುದಿಲ್ಲ, ಹಾಗಾಗಿ ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಜಿ ಒತ್ತಿ ಆಮೇಲೆ ಮೈನಸ್ ಒತ್ತಿ. ಕವಲು ಯಾವುದೇ ಇರಲಿ, ಬರೆದ ಸಮಯದ ಕ್ರಮದಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತದೆ. ಜಿ ಮತ್ತು ಪ್ಲಸ್ ಒತ್ತಿದರೆ ಮುಂದಕ್ಕೆ. ಯಾವ ಯಾವ ಕವಲು ಇವೆ ಎಂದು ನೋಡಲು ‘:ಅನ್‌ಡೂಲಿಸ್ಟ್’. ಅದರಲ್ಲಿ ಪ್ರತಿ ಕವಲಿನ ತುದಿಗೆ ಒಂದು ಸಂಖ್ಯೆ ಇರುತ್ತದೆ. ‘:ಅನ್‌ಡೂ’ ಬರೆದು ಆ ಸಂಖ್ಯೆ ಕೊಟ್ಟರೆ ನೇರ ಅಲ್ಲಿಗೇ ಹೋಗಬಹುದು. ಕವಲುಗಳನ್ನು ಚಿತ್ರದ ಹಾಗೆ ಪಕ್ಕದಲ್ಲಿ ತೋರಿಸುವ ಅನ್‌ಡೂಟ್ರೀ, ಗುಂಡೋ ಎಂಬ ಪ್ಲಗಿನ್‌ಗಳೂ ಇವೆ. ದಿನಾ ಬರೆಯುವವರು ಒಂದನ್ನು ಹಾಕಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಕುಶಾಲನಗರದವಳು. ನಮ್ಮ ಸಂಘದ ನಡವಳಿ ಬರೆಯುವುದು ನಾನೇ. ಅನ್‌ಡೂ ಸರಿಯಾಗಿ ಕೆಲಸ ಮಾಡುತ್ತಿತ್ತು. ತಮ್ಮ ಅದೇ ಫೈಲನ್ನು ಬೇರೆ ಎಡಿಟರಿನಲ್ಲಿ ತೆರೆದು ಒಂದು ಹೆಸರು ತಿದ್ದಿದ. ಈಗ ವಿಮ್‌ನಲ್ಲಿ ತೆರೆದರೆ ಹಳೆಯದು ಒಂದೂ ಇಲ್ಲ. ಯಾಕೆ?

ಉತ್ತರ: ಯಾಕೆಂದರೆ ವಿಮ್ ನಿಮ್ಮನ್ನು ಕಾಪಾಡುತ್ತಿದೆ. ಅನ್‌ಡೂ ಪಟ್ಟಿಯಲ್ಲಿ ‘12ನೇ ಸಾಲಿನಲ್ಲಿ ಇದಿತ್ತು, ಅದನ್ನು ಹೀಗೆ ಮಾಡಿದರು’ ಎಂಬ ರೀತಿಯ ಲೆಕ್ಕ ಇರುತ್ತದೆ. ವಿಮ್‌ಗೆ ಗೊತ್ತಿಲ್ಲದಂತೆ ಬೇರೆಯವರು ಒಂದು ಸಾಲು ಸೇರಿಸಿದರೆ 12ನೆಯದು 13 ಆಗುತ್ತದೆ. ಆಗ ಹಳೇ ಪಟ್ಟಿಯ ಪ್ರಕಾರ ತಿದ್ದಿದರೆ ಫೈಲ್ ಚಿಂದಿಯಾಗುತ್ತದೆ. ಅದಕ್ಕಾಗಿ ಸೇವ್ ಮಾಡುವಾಗಲೇ ಇಡೀ ಬರಹದಿಂದ ಶಾ-256 ಎಂಬ ವಿಧಾನದಲ್ಲಿ ಒಂದು ಗುರುತಿನ ಸಂಖ್ಯೆ ಲೆಕ್ಕಹಾಕಿ ಪಟ್ಟಿಯ ಜೊತೆ ಇಡುತ್ತದೆ. ತೆರೆಯುವಾಗ ಮತ್ತೆ ಲೆಕ್ಕ ಹಾಕುತ್ತದೆ. ಎರಡೂ ಒಂದೇ ಆಗಿದ್ದರೆ ಮಾತ್ರ ಪಟ್ಟಿ ತೆಗೆದುಕೊಳ್ಳುತ್ತದೆ. ಒಂದು ಹೆಸರು ಏನು, ಸಾಲಿನ ಕೊನೆಗೆ ಒಂದು ಖಾಲಿ ಜಾಗ ಹೆಚ್ಚಾದರೂ ಸಂಖ್ಯೆ ಬೇರೆಯಾಗುತ್ತದೆ. ಆಗ ವಿಮ್ ಏನೂ ಹೇಳದೆ ಪಟ್ಟಿಯನ್ನು ಬಿಟ್ಟುಬಿಡುತ್ತದೆ. ಹೀಗೆ ಸುಮ್ನೆ ಇರುವುದು ನನಗೆ ಸರಿ ಕಾಣುವುದಿಲ್ಲ. ಒಂದು ಮಾತು ಹೇಳಬೇಕಿತ್ತು.

ನಿಮಗೆ ಇನ್ನೂ ಒಂದು ದಾರಿ ಇರಬಹುದು, ಆದರೆ ಬೇಗ ಮಾಡಬೇಕು. ವಿಮ್‌ನಲ್ಲಿ ಆ ಫೈಲನ್ನು ಇನ್ನೂ ಸೇವ್ ಮಾಡಿಲ್ಲ ತಾನೇ? ಮಾಡಿದರೆ ಹಳೇ ಪಟ್ಟಿಯ ಮೇಲೆ ಹೊಸದು ಬರೆದುಬಿಡುತ್ತದೆ. ಸೇವ್ ಮಾಡದೆ ಮುಚ್ಚಿ. ತಮ್ಮ ತಿದ್ದಿದ ಹೆಸರು ಯಾವುದು, ಮೊದಲು ಹೇಗಿತ್ತು ಎಂದು ಅವನನ್ನೇ ಕೇಳಿ. ಅವನು ಬಳಸಿದ ಎಡಿಟರಿನಲ್ಲೇ ಅದನ್ನು ಇದ್ದ ಹಾಗೆ ಮಾಡಿ ಉಳಿಸಿ. ಸಂಘದ ಮೇಲ್‌ನಲ್ಲೋ ಪೆನ್‌ಡ್ರೈವಿನಲ್ಲೋ ಹಳೆಯ ಪ್ರತಿ ಇದ್ದು, ಅದು ನೀವು ವಿಮ್‌ನಲ್ಲಿ ಕೊನೆಯ ಸಲ ಸೇವ್ ಮಾಡಿದ್ದೇ ಆಗಿದ್ದರೆ ಇನ್ನೂ ಒಳ್ಳೆಯದು. ತಮ್ಮನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟು, ಹಳೆಯದನ್ನು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಇಡಿ. ಬರಹ ಅಕ್ಷರಕ್ಕಕ್ಷರ ಒಂದೇ ಆದರೆ ಗುರುತು ತಾಳೆಯಾಗುತ್ತದೆ, ಅನ್‌ಡೂ ಎಲ್ಲ ವಾಪಸ್ ಬರುತ್ತದೆ. ಆಮೇಲೆ ತಮ್ಮ ಮಾಡಿದ ತಿದ್ದುಪಡಿಯನ್ನು ವಿಮ್‌ನಲ್ಲೇ ಮಾಡಿ.

ಇನ್ನು ಮುಂದೆ ಬೇರೆಯವರು ತಿದ್ದುವುದು ತಪ್ಪದು ಅಂತಿದ್ದರೆ ಆ ಹೊತ್ತಿನಲ್ಲಿ ಫೈಲನ್ನು ವಿಮ್‌ನಲ್ಲಿ ತೆರೆದೇ ಇಟ್ಟಿರಿ. ಅವರು ಸೇವ್ ಮಾಡಿದ ಮೇಲೆ ವಿಮ್ ‘ಫೈಲ್ ಬದಲಾಗಿದೆ, ಪುನಃ ಲೋಡ್ ಮಾಡಲೇ’ ಎಂದು ಕೇಳುತ್ತದೆ. ಒಪ್ಪಿಕೊಳ್ಳಿ. ಹಾಗೆ ಲೋಡ್ ಮಾಡಿದ್ದೂ ಒಂದು ಬದಲಾವಣೆಯಾಗಿ ಪಟ್ಟಿಗೆ ಸೇರುತ್ತದೆ. ಯು ಒತ್ತಿದರೆ ಲೋಡ್ ಮಾಡುವ ಮೊದಲಿನ ಬರಹ ಬರುತ್ತದೆ. 10000 ಸಾಲಿನವರೆಗಿನ ಫೈಲುಗಳಿಗೆ ಇದು ತಾನಾಗಿಯೇ ನಡೆಯುತ್ತದೆ. ಸಂಘದ ನಡವಳಿಗೆ ಅಷ್ಟು ಧಾರಾಳ ಸಾಕು.

ಪ್ರಶ್ನೆ: ಮಡಿಕೇರಿಯಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್ ಇದೆ. ಗಿರಾಕಿಗಳ ಅರ್ಜಿ, ಆಧಾರ್ ನಂಬರ್, ಬ್ಯಾಂಕ್ ವಿವರ ಎಲ್ಲ ಬರುತ್ತದೆ. ಕೆಲಸ ಮುಗಿದ ಮೇಲೆ ನಂಬರುಗಳನ್ನು ಅಳಿಸಿಬಿಡುತ್ತೇನೆ. ಅನ್‌ಡೂಫೈಲ್ ಹಾಕಿದರೆ ಅವು ಎಲ್ಲಾದರೂ ಉಳಿಯುತ್ತವೆಯೇ?

ಉತ್ತರ: ಉಳಿಯುತ್ತವೆ. ಕೇಳಿದ್ದು ಬಹಳ ಒಳ್ಳೆಯದಾಯಿತು. ನೀವು ಹೊಡೆದು ಅಳಿಸಿದ ಪ್ರತಿ ಅಕ್ಷರವೂ ಆ ಪಟ್ಟಿಯಲ್ಲಿರುತ್ತದೆ, ಅದಿರುವುದೇ ಅದಕ್ಕೆ. ಫೈಲನ್ನು ಮಾತ್ರ ಮೇಲ್ ಮಾಡಿದರೆ ಪಟ್ಟಿ ಅದರೊಳಗೆ ಹೋಗುವುದಿಲ್ಲ, ಅಷ್ಟು ಮಟ್ಟಿಗೆ ಧೈರ್ಯ. ಆದರೆ ಅನ್‌ಡೂಡಿರ್ ಹೇಳದೆ ಬಿಟ್ಟಿದ್ದು, ಪಟ್ಟಿ ಫೈಲಿನ ಪಕ್ಕದಲ್ಲೇ ಇದ್ದು, ನೀವು ಇಡೀ ಫೋಲ್ಡರನ್ನು ಯಾರಿಗಾದರೂ ಕಾಪಿ ಮಾಡಿಕೊಟ್ಟರೆ ಅವರು ಯು ಒತ್ತಿ ನಂಬರು ಓದಬಹುದು. ನಿಮ್ಮದೇ ಕಂಪ್ಯೂಟರಿನಲ್ಲಿ ಅದೇ ಲಾಗಿನ್‌ನಲ್ಲಿ ಕೂರುವ ಇನ್ನೊಬ್ಬರಂತೂ ಸಲೀಸಾಗಿ ಓದಬಹುದು.

ಗಿರಾಕಿಗಳ ಕೆಲಸಕ್ಕೆ ಈ ಸೌಲಭ್ಯ ಬೇಡವೇ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಜನ ನಂಬಿ ಕೊಟ್ಟ ನಂಬರು ಅದು. ಅವರ ಫೈಲುಗಳನ್ನೆಲ್ಲ ‘ಗಿರಾಕಿ’ ಎಂಬ ಒಂದೇ ಫೋಲ್ಡರಿನಲ್ಲಿಟ್ಟು ವಿಮ್‌ಆರ್‌ಸಿಯಲ್ಲಿ ಈ ಸಾಲು ಸೇರಿಸಿ:

ಏಯು ಬಫ್‌ರೈಟ್‌ಪ್ರಿ ~/ಗಿರಾಕಿ/* ಸೆಟ್‌ಲೋಕಲ್ ನೋಅನ್‌ಡೂಫೈಲ್

ಆ ಫೋಲ್ಡರಿನ ಫೈಲುಗಳಿಗೆ ಪಟ್ಟಿ ಬರೆಯಬೇಡ ಎಂದು ಇದರ ಅರ್ಥ. ಮಿಕ್ಕವಕ್ಕೆ ಎಂದಿನಂತೆ ಬರೆಯುತ್ತದೆ. ಆದರೆ ಈ ಸಾಲು ಹಾಕುವ ಮೊದಲೇ ಆಗಿರುವ ಪಟ್ಟಿಗಳು ತಾವಾಗಿ ಹೋಗುವುದಿಲ್ಲ. ವಿಮ್ ಮುಚ್ಚಿ, ಅನ್‌ಡೂ ಫೋಲ್ಡರಿಗೆ ಹೋಗಿ, ಹೆಸರಿನಲ್ಲಿ ‘ಗಿರಾಕಿ’ ಇರುವುದನ್ನೆಲ್ಲ ನೀವೇ ಅಳಿಸಿ. ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಪಾಸ್‌ವರ್ಡ್ ಬರೆದಿಡುವ ಫೈಲ್ ಇದ್ದರೆ ಅದಕ್ಕೂ ಹೀಗೆಯೇ ಮಾಡಿ.

ಪ್ರಶ್ನೆ: ಆ ಫೋಲ್ಡರ್ ತುಂಬುತ್ತಾ ಹೋದರೆ? ವಿಮ್ ಅದನ್ನು ಖಾಲಿ ಮಾಡುತ್ತದಾ? (ಗೋಣಿಕೊಪ್ಪದಿಂದ ಒಬ್ಬ ಓದುಗರು)

ಉತ್ತರ: ಮಾಡುವುದಿಲ್ಲ. ನೀವು ಮೂಲ ಫೈಲನ್ನೇ ಅಳಿಸಿದರೂ ಅದರ ಪಟ್ಟಿ ಅಲ್ಲೇ ಬಿದ್ದಿರುತ್ತದೆ. ಒಂದು ಫೈಲಿಗೆ ಎಷ್ಟು ಹೆಜ್ಜೆ ನೆನಪಿಡಬೇಕು ಎಂಬುದಕ್ಕೆ ಮಿತಿ ಇದೆ: ಅನ್‌ಡೂಲೆವೆಲ್ಸ್, ಮೊದಲೇ ಇರುವ ಬೆಲೆ 1000. ಎಷ್ಟು ದಿನ ಇಡಬೇಕು ಎಂಬುದಕ್ಕೆ ಮಿತಿ ಇಲ್ಲ. ಸಾಮಾನ್ಯ ಬರವಣಿಗೆಗೆ ಜಾಗ ಹೆಚ್ಚು ಹಿಡಿಯುವುದಿಲ್ಲ. ದೊಡ್ಡ ಫೈಲಿನ ಎಲ್ಲ ಸಾಲುಗಳನ್ನು ಒಟ್ಟಿಗೆ ಅಕಾರಾದಿಯಾಗಿ ಜೋಡಿಸಿದರೆ, ಅಥವಾ ಎಲ್ಲ ಕಡೆ ಒಂದು ಪದ ಬದಲಿಸಿದರೆ, ಬದಲಾದ ಸಾಲುಗಳ ಹಳೇ ರೂಪವೆಲ್ಲ ಪಟ್ಟಿಗೆ ಹೋಗುತ್ತದೆ. ಆಗ ಮಾತ್ರ ಉಬ್ಬುತ್ತದೆ.

ವರ್ಷಕ್ಕೊಮ್ಮೆ ಗುಡಿಸಿದರೆ ಸಾಕು. ತೋಟದವರಿಗೆ ಕಾಫಿ ಕುಯಿಲು ಮುಗಿದು ಲೆಕ್ಕ ಕೊಟ್ಟಾದ ಮೇಲಿನ ಸಮಯ ಒಳ್ಳೆಯದು. ಫೈಲ್ ಮ್ಯಾನೇಜರಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿ ಹಳೆಯವನ್ನು ತೆಗೆಯಬಹುದು. ಸೇವ್ ಮಾಡಿದಾಗೆಲ್ಲ ಪಟ್ಟಿಯ ತಾರೀಕೂ ಹೊಸದಾಗುತ್ತದೆ, ಹಾಗಾಗಿ ಬಳಕೆಯಲ್ಲಿರುವುದು ತಪ್ಪಿ ಹೋಗುವ ಭಯವಿಲ್ಲ. ಟರ್ಮಿನಲ್ ಗೊತ್ತಿದ್ದವರು 180 ದಿನಕ್ಕಿಂತ ಹಳೆಯದನ್ನು ಹುಡುಕಲು ‘ಫೈಂಡ್ ~/.ವಿಮ್/ಅನ್‌ಡೂ -ಟೈಪ್ ಎಫ್ -ಎಂಟೈಮ್ +180’ ಎಂದು ಕೊಡಿ. ಬರುವ ಪಟ್ಟಿಯನ್ನು ಕಣ್ಣಾರೆ ಓದಿ. ಸರಿ ಅನ್ನಿಸಿದರೆ ಮಾತ್ರ ಅದೇ ಸಾಲಿನ ಕೊನೆಗೆ ‘-ಡಿಲೀಟ್’ ಸೇರಿಸಿ ಮತ್ತೆ ಕೊಡಿ.

ಪ್ರಶ್ನೆ: ನಾನು ವಿಮ್ ಬಳಸುವುದಿಲ್ಲ. ವರ್ಡ್, ಲಿಬ್ರೆಆಫೀಸ್, ಕೆಲವೊಮ್ಮೆ ವಿಎಸ್ ಕೋಡ್. ನನಗೇನು ದಾರಿ? (ವಿರಾಜಪೇಟೆ)

ಉತ್ತರ: ವರ್ಡ್ ಮತ್ತು ಲಿಬ್ರೆಆಫೀಸ್‌ನಲ್ಲಿ ಫೈಲ್ ಮುಚ್ಚಿದರೆ ಅನ್‌ಡೂ ಮುಗಿಯಿತು. ಲಿಬ್ರೆಆಫೀಸ್ ತೆರೆದಿರುವಾಗಲೂ ಮೊದಲಿಗೆ 100 ಹೆಜ್ಜೆ ಮಾತ್ರ ನೆನಪಿಡುತ್ತದೆ. ವಿಎಸ್ ಕೋಡ್‌ನಲ್ಲಿ 2022ರಿಂದ ಟೈಮ್‌ಲೈನ್ ಎಂಬ ಪಟ್ಟಿಯಲ್ಲಿ ಪ್ರತಿ ಸೇವ್‌ನ ಪ್ರತಿ ಸಿಗುತ್ತದೆ, ಒಂದು ಫೈಲಿಗೆ 50ರವರೆಗೆ. ಒಂದೊಂದು ಹೆಜ್ಜೆಯೂ ಸಿಗದಿದ್ದರೂ ಹೋದ ವಾರದ ಪ್ಯಾರಾ ಹುಡುಕಲು ಸಾಕು. ಗೂಗಲ್ ಡಾಕ್ಸ್‌ನಲ್ಲಿ ವರ್ಷನ್ ಹಿಸ್ಟರಿ ಇದೆ. ಇಮ್ಯಾಕ್ಸ್ ಎಡಿಟರ್ ಬಳಸುವವರು ಅನ್‌ಡೂ-ಫು-ಸೆಷನ್ ಪ್ಯಾಕೇಜ್ ಹಾಕಿಕೊಳ್ಳಬಹುದು. ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಿ ‘ಅನ್‌ಡೂಫೈಲ್’ ಒಂದೇ ಸಾಲು ಸಾಕು, ಫೋಲ್ಡರನ್ನು ಅದೇ ಮಾಡಿಕೊಳ್ಳುತ್ತದೆ. ಆದರೆ ವಿಮ್‌ನ ಪಟ್ಟಿ ನಿಯೋವಿಮ್‌ಗೆ ಓದಲು ಬರುವುದಿಲ್ಲ. ಎರಡನ್ನೂ ಬಳಸುವವರು ಒಂದೇ ಫೋಲ್ಡರ್ ತೋರಿಸಬೇಡಿ.

ಪ್ರಶ್ನೆ: ಅಕ್ಕಾ, ನಾನು ಕಾಲೇಜು ವಿದ್ಯಾರ್ಥಿ, ಪೊನ್ನಂಪೇಟೆ. ವಿಮ್‌ನಲ್ಲಿ ಕನ್ನಡ ಬರೆಯುತ್ತೇನೆ. ಯು ಒತ್ತಿದರೆ ಅನ್‌ಡೂ ಆಗುವುದೇ ಇಲ್ಲ!

ಉತ್ತರ: ಎಸ್ಕೇಪ್ ಒತ್ತಿದ ಮೇಲೂ ನಿಮ್ಮ ಕೀಲಿಮಣೆ ಕನ್ನಡದಲ್ಲೇ ಇದೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಯು ಕೀ ಒತ್ತಿದರೆ ‘ಉ’ ಬರುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ‘ಹ’ ಬರುತ್ತದೆ. ವಿಮ್‌ಗೆ ಇವೆರಡೂ ಆಜ್ಞೆಗಳಲ್ಲ. ಎಸ್ಕೇಪ್ ಒತ್ತಿದ ಕೂಡಲೇ ಇಂಗ್ಲಿಷಿಗೆ ಬದಲಿಸುವುದು ಸುಲಭದ ದಾರಿ. ಲ್ಯಾಂಗ್‌ಮ್ಯಾಪ್ ಎಂಬ ಆಯ್ಕೆಯಲ್ಲಿ ‘ಉ ಬಂದರೆ ಯು ಎಂದು ತಿಳಿ’ ಎಂದೂ ಹೇಳಿಕೊಡಬಹುದು. ಆದರೆ ಎಲ್ಲ ಕೀಗಳಿಗೂ ಹೀಗೆ ಬರೆಯುತ್ತ ಕೂರಬೇಕಾಗುತ್ತದೆ. ಕನ್ನಡದಲ್ಲಿ ಬರೆಯುತ್ತಿದ್ದೀರಿ ಎಂದು ಕೇಳಿ ತುಂಬಾ ಖುಷಿಯಾಯಿತು.

ಪ್ರಶ್ನೆ: ಅನ್‌ಡೂ ಇಷ್ಟೆಲ್ಲ ನೆನಪಿಡುತ್ತದೆ ಅಂದ ಮೇಲೆ ಬೇರೆ ಬ್ಯಾಕಪ್ ಬೇಕಾ? (ಮಾದಾಪುರ)

ಉತ್ತರ: ಬೇಕೇ ಬೇಕು. ಫೈಲ್ ಇರುವ ಡಿಸ್ಕಿನಲ್ಲೇ ಪಟ್ಟಿಯೂ ಇರುತ್ತದೆ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು, ಜೋಡುಪಾಲ ಕಡೆಯ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಟು ಬಂದರು. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಯಾರಿಗೆ ನೆನಪಾಗುತ್ತದೆ? ಆಸ್ತಿಯ ಕಾಗದ, ತೋಟದ ಲೆಕ್ಕ, ಮಕ್ಕಳ ಅಂಕಪಟ್ಟಿಯ ಪ್ರತಿ ಮನೆಯಿಂದ ದೂರ ಇನ್ನೊಂದು ಕಡೆ ಇರಲೇಬೇಕು. ಕ್ಲೌಡ್‌ನಲ್ಲಿಡಿ, ಇಲ್ಲವೇ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಇಡಿ. ಟೆಕ್ಸ್ಟ್ ಫೈಲುಗಳಾದರೆ ಅವುಗಳ ಹಳೇ ರೂಪಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಕಲಿಯಿರಿ. ದಿನದ ಕೊನೆಗೊಮ್ಮೆ ದಾಖಲಿಸಿ ದೂರದ ಸರ್ವರಿಗೆ ಕಳಿಸಿದರೆ ವರ್ಷಗಳ ಹಿಂದಿನ ರೂಪವೂ ಸಿಗುತ್ತದೆ, ಫೈಲಿನ ಹೆಸರು ಬದಲಿಸಿದರೂ ಸಿಗುತ್ತದೆ. ಸೇವ್ ಮಾಡುವುದಕ್ಕೂ ದಾಖಲಿಸುವುದಕ್ಕೂ ನಡುವೆ ಆಗುವ ಸಣ್ಣಪುಟ್ಟ ಅಳಿಸಾಟಕ್ಕೆ ಅನ್‌ಡೂಫೈಲ್ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಇವೆ.

ಬ್ಯಾಕಪ್ ತೆಗೆಯುವಾಗ ‘.ವಿಮ್’ ಫೋಲ್ಡರನ್ನೂ ಸೇರಿಸಿ. ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಬಳಕೆದಾರ ಹೆಸರು, ಅದೇ ಫೋಲ್ಡರುಗಳನ್ನು ಇಟ್ಟುಕೊಂಡರೆ ಹಳೇ ಅನ್‌ಡೂ ಅಲ್ಲಿಯೂ ನಡೆಯುತ್ತದೆ.